ಹೊರಗಿನವರು ಬಂದು ಪ್ರಜಾಪ್ರಭುತ್ವ ಕೊಟ್ಟು ಹೋಗಬಹುದಾ? ಜಪಾನಿಗೆ ದಕ್ಕಿದ್ದು ಆಫ್ಘಾನಿಸ್ತಾನಕ್ಕೆ ಯಾಕೆ ದಕ್ಕಲಿಲ್ಲ?

ಹಳೇಪೇಟೆ ಹುಡುಗ (ಪ್ರಶ್ನೆ)

ಭಾನುವಾರ ಸಂಜೆ ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಶುರುವಾದ ಜಗಳ ಇದು. ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ನಮ್ಮ ಸೋದರಮಾವನ ವಾದ ಇಷ್ಟು. 1945ರಲ್ಲಿ ಜಪಾನ್ ಸೋತಿತು, ಅಮೆರಿಕದವರು ಬಂದು ಕೂತರು, ಸಂವಿಧಾನ ಬರೆದುಕೊಟ್ಟರು, ಇವತ್ತಿಗೂ ಅದೇ ನಡೆಯುತ್ತಿದೆ. ಅಂದಮೇಲೆ ಹೊರಗಿನವರು ಕೊಡಬಹುದು, ಕೊಡುವವರಿಗೆ ಗಟ್ಟಿತನ ಬೇಕು ಅಷ್ಟೆ. ನನ್ನ ಗೆಳೆಯ ಒಪ್ಪಲಿಲ್ಲ. ಆಫ್ಘಾನಿಸ್ತಾನದಲ್ಲಿ 20 ವರ್ಷ ಕೂತು, ಲೆಕ್ಕವಿಲ್ಲದಷ್ಟು ದುಡ್ಡು ಸುರಿದು, 2021ರ ಆಗಸ್ಟ್ 15ಕ್ಕೆ ಕಾಬೂಲ್ ಕೈತಪ್ಪಿ ತಾಲಿಬಾನ್ ಪಾಲಾಯಿತಲ್ಲ, ಅದಕ್ಕೇನಂತೀರಿ ಅಂದ. ಮಾವ "ಅಲ್ಲಿಯ ಜನಾನೇ ಹಾಗೆ" ಅಂದುಬಿಟ್ಟರು. ಅಲ್ಲಿಗೆ ನನಗೂ ಖಾರ ನೆತ್ತಿಗೇರಿತು. "ಜನಾನೇ ಹಾಗೆ" ಅನ್ನೋದು ಒಂದು ಉತ್ತರಾನಾ? ಓದು ಬರಹ ಬಾರದವರಿಗೆ ಓಟು ಯಾಕೆ ಅಂತ ನಮ್ಮ ಬಗ್ಗೆನೂ ಹೇಳಿದವರಿದ್ದರು ಅಲ್ವಾ.

ತಿಳಿದವರು ಹೇಳಿ. ಬರೀ ಅಮೆರಿಕವನ್ನು ಬೈಯೋ ಉತ್ತರ ಬೇಡ, ಬರೀ ಹೊಗಳೋದೂ ಬೇಡ.

ದುರ್ಗದ ಮೇಷ್ಟ್ರು

ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದ ಆಗುತ್ತೆ. ಸಹಿಸಿಕೊಳ್ಳಿ.

ನಿಮ್ಮ ಮಾವ ಹೇಳಿದ್ದು ಅರ್ಧ ನಿಜ. ಜಪಾನಿನ ಸಂವಿಧಾನದ ಕರಡನ್ನು 1946ರ ಫೆಬ್ರವರಿಯಲ್ಲಿ ಅಲ್ಲಿ ಆಡಳಿತ ನಡೆಸುತ್ತಿದ್ದ ಅಮೆರಿಕದ ಸೇನಾಧಿಕಾರಿ ಜನರಲ್ ಮೆಕಾರ್ಥರ್ ಕಚೇರಿಯವರು ಸುಮಾರು ಒಂದು ವಾರದಲ್ಲಿ ಬರೆದು ಮುಗಿಸಿದರು. ಆ ತಂಡದಲ್ಲಿ ಬಿಯಾಟೆ ಸಿರೋಟಾ ಅಂತ ಒಬ್ಬ ಹುಡುಗಿ ಇದ್ದಳು, ವಯಸ್ಸು 22. ಜಪಾನಿನಲ್ಲೇ ಬೆಳೆದವಳು, ಭಾಷೆ ಬರುತ್ತಿತ್ತು. ಕೆಲಸ ಹಂಚಿದ ಕೂಡಲೇ ಒಂದು ಜೀಪು ತಗೊಂಡು, ಬಾಂಬು ಬಿದ್ದು ಹಾಳಾದ ಟೋಕಿಯೋದಲ್ಲಿ ಉಳಿದಿದ್ದ ಲೈಬ್ರರಿಗಳನ್ನೆಲ್ಲ ಸುತ್ತಿ, ಬೇರೆ ಬೇರೆ ದೇಶದ ಸಂವಿಧಾನದ ಪುಸ್ತಕಗಳನ್ನು ಹೊತ್ತು ತಂದಳಂತೆ. ಮದುವೆಯಲ್ಲಿ ಗಂಡ ಹೆಂಡತಿ ಸಮಾನರು ಅನ್ನುವ 24ನೇ ವಿಧಿ ಅವಳ ಬರವಣಿಗೆಯಿಂದ ಬಂದದ್ದು. ಒಂದು ದೇಶದ ಮದುವೆ ಕಾನೂನಿನ ಬುಡವನ್ನು 22ರ ಹುಡುಗಿ ಒಂದು ವಾರದಲ್ಲಿ ಬರೆದಳು ಅಂದರೆ ನಮ್ಮ ಕಡೆ ಯಾರಾದರೂ ನಂಬುತ್ತಾರಾ! ಆದರೆ ನಡೆದದ್ದು ಹಾಗೆ.

ಇನ್ನರ್ಧ ನಿಮ್ಮ ಮಾವ ಬಿಟ್ಟುಬಿಟ್ಟರು. ಜಪಾನ್ ಅಲ್ಲಿಂದ ಶುರು ಮಾಡಲಿಲ್ಲ. ಅವರಿಗೆ 1889ರಲ್ಲೇ ಒಂದು ಸಂವಿಧಾನ ಇತ್ತು, 1890ರಿಂದ ಸಂಸತ್ತು ಕೂರುತ್ತಿತ್ತು, 1925ರಲ್ಲಿ 25 ವರ್ಷ ದಾಟಿದ ಗಂಡಸರಿಗೆಲ್ಲ ಓಟು ಬಂದಿತ್ತು. ನಡುವೆ ಸೈನ್ಯದವರು ಅದನ್ನೆಲ್ಲ ನುಂಗಿದರು, ಆ ಮಾತು ಬೇರೆ. ಅಮೆರಿಕದವರು ಕೊಟ್ಟ ಕರಡನ್ನು ಜಪಾನಿನವರು ಹಾಗೇ ನುಂಗಲೂ ಇಲ್ಲ. ಕರಡಿನಲ್ಲಿ ಒಂದೇ ಸದನ ಇತ್ತು, ಎರಡು ಬೇಕು ಅಂತ ಹಟ ಮಾಡಿ ಮಾಡಿಸಿಕೊಂಡರು. ಪ್ರತಿಯೊಬ್ಬನಿಗೂ ಕನಿಷ್ಠ ಮಟ್ಟದ ಬದುಕಿನ ಹಕ್ಕು ಇದೆ ಅನ್ನುವ 25ನೇ ವಿಧಿ ಅವರ ಸಮಾಜವಾದಿಗಳು ಸೇರಿಸಿದ್ದು.

ಇನ್ನೊಂದು ಮುಖ್ಯ. ಚಕ್ರವರ್ತಿಯನ್ನು ಉಳಿಸಿದರು. ದೊಡ್ಡ ತಲೆಗಳನ್ನು ತೆಗೆದರೂ ಗುಮಾಸ್ತ, ಪೋಸ್ಟ್ ಮಾಸ್ಟರ್, ರೈಲ್ವೆಯವರು ಅವರವರ ಕುರ್ಚಿಯಲ್ಲೇ ಇದ್ದರು. ಈಗ ಇದರ ಪಕ್ಕ ಇರಾಕ್ ಇಡಿ. 2003ರ ಮೇ ತಿಂಗಳಲ್ಲಿ ಅಮೆರಿಕ ಕಳಿಸಿದ ಆಡಳಿತಗಾರ ಪಾಲ್ ಬ್ರೆಮರ್ ಬಾಗ್ದಾದಿಗೆ ಬಂದು ಹೊರಡಿಸಿದ 1ನೇ ಆದೇಶ, ಸದ್ದಾಂ ಹುಸೇನನ ಬಾತ್ ಪಕ್ಷದ ಮೇಲಿನ ಹಂತದವರಿಗೆಲ್ಲ ಸರ್ಕಾರಿ ಕೆಲಸ ಇಲ್ಲ. 2ನೇ ಆದೇಶ, ಸೈನ್ಯ ಬರ್ಖಾಸ್ತು. ಬಂದು ಇನ್ನೂ ಎರಡು ವಾರ ಆಗಿರಲಿಲ್ಲ. ಕೆಲಸಕ್ಕಾಗಿ ಪಕ್ಷದ ಚೀಟಿ ಇಟ್ಟುಕೊಂಡಿದ್ದ ಸಾವಿರಾರು ಶಾಲಾ ಮೇಷ್ಟ್ರುಗಳೂ ಮನೆಗೆ ಹೋದರು. ಲಕ್ಷಗಟ್ಟಲೆ ಸೈನಿಕರು ಕೋವಿ ಸಮೇತ ಬೀದಿಗೆ ಬಿದ್ದರು. 2005ರ ಜನವರಿಯಲ್ಲಿ ಜನ ಬಾಂಬಿಗೂ ಹೆದರದೆ ಸಾಲಿನಲ್ಲಿ ನಿಂತು ಓಟು ಹಾಕಿ ನೇರಳೆ ಬಣ್ಣದ ಬೆರಳು ತೋರಿಸಿದರು. ಹಾಗಾಗಿ "ಜನಾನೇ ಹಾಗೆ" ಅಂತ ನಾನು ಒಪ್ಪಲ್ಲ. ಓಟು ಹಾಕುವ ಮನಸ್ಸಿತ್ತು, ಓಟು ಹಾಕಿದ ಮೇಲೆ ದೀಪ ಹಚ್ಚಿಡೋಕೆ, ಬೀದಿ ಕಾಯೋಕೆ ಜನ ಇರಲಿಲ್ಲ.

ಬಸವಪ್ರಿಯ

ಪ್ರಜಾಪ್ರಭುತ್ವ ಜಗತ್ತಿಗೆ ಕಲಿಸಿದ್ದೇ ನಾವು. 12ನೇ ಶತಮಾನದ ಅನುಭವ ಮಂಟಪ ಮರೆತು ಜಪಾನು ಇರಾಕು ಅಂತ ಯಾಕೆ ಅಲೆಯುತ್ತೀರಿ?

ಕೊನೇ ಭಾಗದ ರೈತ

ಅಣ್ಣಾ, ಅನುಭವ ಮಂಟಪಕ್ಕೆ ಕೈ ಮುಗೀತೀನಿ. ಆದರೆ ಆ ಮಂಟಪದಲ್ಲಿ ಕೂತವರ ಮಕ್ಕಳ ಮದುವೆ ವಿಷಯಕ್ಕೆ ಕಲ್ಯಾಣದಲ್ಲಿ ಏನಾಯ್ತು ಅಂತ ನಿಮಗೂ ಗೊತ್ತು. ಬಿಡಿ.

ನಾನು ಹರಿಹರದ ಕಡೆಯವನು. ಭದ್ರಾ ನಾಲೆಯ ಕೊನೇ ಭಾಗ. ಕೊನೇ ಭಾಗ ಅಂದರೆ ಏನು ಅಂತ ನಾಲೆ ಪಕ್ಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲಿನವರ ಗದ್ದೆಯಲ್ಲಿ ಕಪ್ಪೆ ಕೂಗುವಾಗ ನಮ್ಮ ತೂಬಿನಲ್ಲಿ ಧೂಳು ಹಾರುತ್ತಿರುತ್ತದೆ.

ಸುಮಾರು 20 ವರ್ಷದ ಹಿಂದೆ ನಮ್ಮೂರಲ್ಲಿ ನೀರು ಬಳಕೆದಾರರ ಸಹಕಾರ ಸಂಘ ಅಂತ ಮಾಡಿದರು. ನೀರು ರೈತರದ್ದು, ಹಂಚಿಕೆ ರೈತರೇ ಮಾಡಲಿ, ಚುನಾವಣೆ ಆಗಲಿ, ಲೆಕ್ಕ ಇರಲಿ. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿರೋ ಪ್ರಜಾಪ್ರಭುತ್ವ ಇಲ್ಲ. ಜೀಪಿನಲ್ಲಿ ಸಾಹೇಬರು ಬಂದರು, ಶಾಲೆ ಕಟ್ಟೆ ಮೇಲೆ ಸಭೆ, ಉಪ್ಪಿಟ್ಟು, ಟೀ, ಫೋಟೋ. ನಮ್ಮಪ್ಪ ಅವತ್ತು ಸಹಿ ಹಾಕಿ ನಿರ್ದೇಶಕರಾದರು. ಹಳದಿ ಬಣ್ಣದ ಬೋರ್ಡು ಬರೆಸಿದರು. ಆಮೇಲೆ ನಾನು ನೋಡಿದ ಹಾಗೆ ಆ ಸಂಘ ಒಂದೇ ಒಂದು ರಾತ್ರಿಯೂ ತೂಬಿನ ಹತ್ತಿರ ಬಂದು ನಿಲ್ಲಲಿಲ್ಲ. ನೀರು ಯಾರಿಗೆ ಎಷ್ಟು ಅನ್ನೋದನ್ನು ಮೊದಲಿನ ಹಾಗೇ ನಾಲೆ ನೀರು ಬಿಡೋ ಸೌಡಿ, ಮೇಲಿನ ಊರಿನ ನಾಲ್ಕು ಜನ ದೊಡ್ಡ ಕುಳಗಳು ತೀರ್ಮಾನ ಮಾಡುತ್ತಿದ್ದರು. ಸಂಘದ ಪುಸ್ತಕ ವರ್ಷಕ್ಕೊಮ್ಮೆ ಬರೆಯುತ್ತಿದ್ದರು, ಅನುದಾನ ಕೊಡೋ ಕಚೇರಿಗೆ ತೋರಿಸೋಕೆ. ನಮಗೆ ಯಾರಿಗೂ ತೋರಿಸಲಿಲ್ಲ. ನಾವೂ ಕೇಳಲಿಲ್ಲ ಅನ್ನಿ, ಯಾಕಂದ್ರೆ ಅದರಲ್ಲಿ ನಮ್ಮ ದುಡ್ಡು ಒಂದು ರೂಪಾಯಿ ಇರಲಿಲ್ಲ. ಈಗ ಆ ಬೋರ್ಡು ನಮ್ಮ ಪಕ್ಕದ ಮನೆಯವರ ಕೋಳಿ ಗೂಡಿಗೆ ಬಾಗಿಲಾಗಿದೆ.

ಆಫ್ಘಾನಿಸ್ತಾನದ್ದು ಓದಿದಾಗೆಲ್ಲ ನನಗೆ ಈ ಸಂಘವೇ ನೆನಪಾಗೋದು. ಅಲ್ಲಿಯ ಆಗಿನ ಸರ್ಕಾರದ ಖರ್ಚಿನಲ್ಲಿ ಮುಕ್ಕಾಲು ಪಾಲು ಹತ್ತಿರ ಹೊರಗಿನ ದುಡ್ಡೇ ಆಗಿತ್ತು. ಹಾಗಿದ್ದಾಗ ಮಂತ್ರಿ ಲೆಕ್ಕ ಯಾರಿಗೆ ಕೊಡ್ತಾನೆ? ಕಂದಾಯ ಕಟ್ಟದ ರೈತನಿಗಾ, ದುಡ್ಡು ಕಳಿಸಿದ ವಾಷಿಂಗ್ಟನ್ನಿಗಾ?

ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಒಂದು ಮಾತು ಹೇಳಿದ್ದರು. ಭಾರತದ ಮಣ್ಣು ಮೂಲದಲ್ಲಿ ಪ್ರಜಾಪ್ರಭುತ್ವದ್ದಲ್ಲ, ಪ್ರಜಾಪ್ರಭುತ್ವ ಅದರ ಮೇಲೆ ಹಾಕಿದ ಟಾಪ್ ಡ್ರೆಸ್ಸಿಂಗ್ ಅಷ್ಟೆ ಅಂತ. ಓದಿದವರು ಇದನ್ನು ಮೇಲ್ಪದರ ಅಂತ ಬರೀತಾರೆ. ನಮ್ಮ ಕಡೆ ಟಾಪ್ ಡ್ರೆಸ್ಸಿಂಗ್ ಅಂದರೆ ಮೇಲುಗೊಬ್ಬರ! ನಾಟಿ ಆಗಿ ಮೂರು ನಾಲ್ಕು ವಾರಕ್ಕೆ ಯೂರಿಯಾ ಎರಚ್ತೀವಲ್ಲ, ಅದು. ತಳಗೊಬ್ಬರ ಹಾಕದೆ ಬರೀ ಮೇಲುಗೊಬ್ಬರ ಕೊಟ್ಟರೆ ಪೈರು ವಾರದಲ್ಲಿ ಕಡು ಹಸಿರಾಗುತ್ತೆ, ರಸ್ತೆಯಲ್ಲಿ ಹೋಗೋರು ನಿಂತು ನೋಡ್ತಾರೆ, ಆಮೇಲೆ ಒಂದು ಗಾಳಿ ಮಳೆಗೆ ಮಲಗಿಬಿಡುತ್ತೆ. ಜಪಾನಿನಲ್ಲಿ ತಳಗೊಬ್ಬರ ಯಾವುದು ಅಂದರೆ ನನ್ನ ಪ್ರಕಾರ ಮೇಷ್ಟ್ರು ಹೇಳಿದ 1890ರ ಸಂಸತ್ತಿಗಿಂತ ಜಮೀನು. ಯುದ್ಧಕ್ಕೆ ಮುಂಚೆ ಅಲ್ಲಿಯ ಸಾಗುವಳಿ ಜಮೀನಿನಲ್ಲಿ ಹತ್ತಿರ ಹತ್ತಿರ ಅರ್ಧ ಗೇಣಿಯದ್ದು. 1946ರಿಂದ 1950ರೊಳಗೆ ಅದನ್ನು ಉಳುವವರಿಗೆ ಕೊಡಿಸಿ ಗೇಣಿ ಜಮೀನನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರು. ನಮ್ಮಲ್ಲಿ ದೇವರಾಜ ಅರಸು 1974ರಲ್ಲಿ ಮಾಡಿದ ಹಾಗೆ ಅಂದುಕೊಳ್ಳಿ. ಧಣಿಯ ಮುಂದೆ ತಲೆ ತಗ್ಗಿಸೋನು ಓಟಿನಲ್ಲಿ ಮಾತ್ರ ತಲೆ ಎತ್ತೋದು ಹೇಗೆ?

ಗಡಿಯಾರ ಕಂಬ

ಎಲ್ಲರೂ ಯೋಗ್ಯತೆ, ಮಣ್ಣು ಅಂತ ಮಾತಾಡ್ತಿದ್ದೀರಿ. ಕೊಡೋಕೆ ಬಂದವರ ಕೈ ಎಷ್ಟು ಸ್ವಚ್ಛ ಅಂತ ಯಾರೂ ಕೇಳಲ್ಲ. ಇರಾನಿನಲ್ಲಿ ಮೊಸಾದೆಕ್ ಅಂತ ಸಂಸತ್ತಿನ ಬೆಂಬಲ ಇದ್ದ ಪ್ರಧಾನಿ ಇದ್ದರು. 1951ರಲ್ಲಿ ಎಣ್ಣೆಯನ್ನು ದೇಶದ್ದು ಮಾಡಿದರು, 1953ರಲ್ಲಿ ಬ್ರಿಟನ್ ಅಮೆರಿಕ ಸೇರಿ ಅವರನ್ನು ಉರುಳಿಸಿದವು. ಆಮೇಲೆ 50 ವರ್ಷಕ್ಕೆ ಪಕ್ಕದ ದೇಶಕ್ಕೆ ಪ್ರಜಾಪ್ರಭುತ್ವ ಹೊತ್ತುಕೊಂಡು ಬಂದರೆ ಯಾರು ನಂಬ್ತಾರೆ ಸ್ವಾಮಿ.

ಇನ್ನು ಸೈನ್ಯ ಬೇಡ, ವಿಶ್ವಸಂಸ್ಥೆ ಮಾಡಿದರೆ ಸರಿ ಹೋಗುತ್ತೆ ಅನ್ನೋರು ಕಾಂಬೋಡಿಯಾ ನೋಡಿ. 1993ರಲ್ಲಿ ವಿಶ್ವಸಂಸ್ಥೆಯೇ ನಿಂತು ಚುನಾವಣೆ ಮಾಡಿಸಿತು. ನೂರಕ್ಕೆ 90ರ ಹತ್ತಿರ ಮತದಾನ. ಗೆದ್ದದ್ದು ರಾಜಕುಮಾರನ ಪಕ್ಷ. ಸೋತ ಆಗಿನ ಪ್ರಧಾನಿ ಹುನ್ ಸೇನ್ ಕುರ್ಚಿ ಬಿಡಲ್ಲ ಅಂದ. ಸೈನ್ಯ, ಪೊಲೀಸು ಅವನ ಕೈಲಿ ಇತ್ತು. ರಾಜಿ ಮಾಡಿ ಇಬ್ಬರು ಪ್ರಧಾನಿಗಳನ್ನು ಮಾಡಿದರು. 1997ರಲ್ಲಿ ಅವನು ಒಂದನೇ ಪ್ರಧಾನಿಯಾಗಿದ್ದ ಆ ರಾಜಕುಮಾರನನ್ನು ಓಡಿಸಿದ. 2018ರ ಹೊತ್ತಿಗೆ ದೊಡ್ಡ ವಿರೋಧ ಪಕ್ಷವೇ ಇರಲಿಲ್ಲ, 125ಕ್ಕೆ 125 ಸೀಟು ಅವನದ್ದೇ. ನಮ್ಮ ಮೈಸೂರಿನ ಕಾರ್ಖಾನೆಯ ಅಳಿಸದ ಶಾಯಿ ಹೋದ ದೇಶಗಳಲ್ಲಿ ಕಾಂಬೋಡಿಯಾನೂ ಒಂದು. ಶಾಯಿ ಅಸಲಿ, ಬೆರಳೂ ಅಸಲಿ.

ಮಾಜಿ ಅಧ್ಯಕ್ಷೆ

ನಾನು ಇಲ್ಲಿ ಬರೆಯೋದು ಕಡಿಮೆ, ಓದ್ತಾ ಇರ್ತೀನಿ. ಕೊನೇ ಭಾಗದ ರೈತರ ಮಾತಿಗೆ ಒಂದು ತಕರಾರಿದೆ.

ಮೇಲಿಂದ ಹೇರಿದ್ದೆಲ್ಲ ಮಲಗುತ್ತೆ ಅಂತ ಹೇಳಬೇಡಿ. ಮೇಲಿನವರು ಹೇರಿದ ಗಿಡ ನಾನೇ. ಹೊಳಲ್ಕೆರೆ ಕಡೆ ನಮ್ಮ ಪಂಚಾಯ್ತಿಗೆ 2005ರಲ್ಲಿ ಅಧ್ಯಕ್ಷೆ ಸ್ಥಾನ ಮಹಿಳೆಗೆ ಮೀಸಲು ಬಂತು. ನಮ್ಮೂರಲ್ಲಿ ಯಾವ ಹೆಂಗಸೂ ಅದನ್ನು ಕೇಳಿರಲಿಲ್ಲ, ಸತ್ಯವಾಗಿ ಹೇಳ್ತೀನಿ. 1987ರ ಮಂಡಲ ಪಂಚಾಯ್ತಿ ಕಾಲದಲ್ಲಿ ನೂರಕ್ಕೆ 25, ಆಮೇಲೆ 1993ರ ಕಾಯ್ದೆಯಲ್ಲಿ ಮೂರರಲ್ಲಿ ಒಂದು, ಈಗ ಅರ್ಧ. ಎಲ್ಲ ಬೆಂಗಳೂರು ದೆಹಲಿಯಿಂದ ಬಂದದ್ದೇ.

ಮೊದಲ ವರ್ಷ ನನ್ನ ಗಂಡ ನನ್ನ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಬಾಗಿಲ ಹತ್ತಿರ ಬೆಂಚಿನ ಮೇಲೆ. ಸಹಿಗೆ ಮಾತ್ರ ಕರೆಯುತ್ತಿದ್ದರು. ಒಂದು ದಿನ ರಾತ್ರಿ ಎಂಟೂವರೆಗೆ ಕಂಟ್ರಾಕ್ಟರು ಮನೆಗೆ ಬಂದ, ನೀರಿನ ಟ್ಯಾಂಕಿನ ಬಿಲ್ಲಿಗೆ ಚೆಕ್ಕಿನ ಮೇಲೆ ನನ್ನ ಸಹಿ ಬೇಕಿತ್ತು. ಗಂಡ ಆಗಲೇ ಆಯ್ತು ಅಂದಿದ್ದರು. ನಾನು ರೊಟ್ಟಿ ತಟ್ಟುತ್ತಿದ್ದೆ, ಕೈಯೆಲ್ಲ ಹಿಟ್ಟು. ಅದೇ ಟ್ಯಾಂಕಿನ ಕೆಳಗೆ ಬೆಳಗ್ಗೆ ಎರಡು ಗಂಟೆ ಕೊಡ ಇಟ್ಟುಕೊಂಡು ಕಾದು ಖಾಲಿ ಕೊಡದಲ್ಲೇ ವಾಪಸ್ ಬಂದವಳು ನಾನು. "ನೀರು ಬಂದ ದಿನ ಬನ್ನಿ, ಅವತ್ತೇ ಸಹಿ ಹಾಕ್ತೀನಿ" ಅಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಮನೆಯಲ್ಲಿ ನಾಲ್ಕು ದಿನ ಮಾತಿಲ್ಲ ಕತೆಯಿಲ್ಲ. ಐದನೇ ದಿನ ಪೈಪು ಜೋಡಿಸಿದರು, ನೀರು ಬಂತು, ಸಹಿ ಹಾಕಿದೆ. ಅದರ ಮುಂದಿನ ಸಭೆಗೆ ನಾನು ಹತ್ತು ನಿಮಿಷ ಮುಂಚೆನೇ ಹೋಗಿ ಕುರ್ಚಿಯಲ್ಲಿ ಕೂತೆ.

ಹಾಗಾದ್ರೆ ನಿಮ್ಮ ಸಂಘ ಯಾಕೆ ಸತ್ತಿತು, ನಮ್ಮ ಮೀಸಲಾತಿ ಯಾಕೆ ಬದುಕಿತು? ಸಂಘ ಮಾಡಿದವರು ಫೋಟೋ ತೆಗೆಸಿಕೊಂಡು ಜೀಪು ಹತ್ತಿದರು. ಮೀಸಲಾತಿ ಹಾಗಲ್ಲ, ಚುನಾವಣೆ ಮತ್ತೆ ಮತ್ತೆ ಬಂತು, ಒಂದು ಸಲ ಗಂಡ ಕೂತ, ಮುಂದಿನ ಸಲ ಬೇರೆ ಹೆಂಗಸು ಬಂದಳು, ಕಾನೂನು ಎಲ್ಲೂ ಹೋಗಲಿಲ್ಲ. ಇನ್ನೊಂದು, ನನ್ನ ಸಹಿಗೆ ಬೆಲೆ ಇತ್ತು. ಅದಿಲ್ಲದೆ ದುಡ್ಡು ಬಿಡುಗಡೆ ಆಗ್ತಿರಲಿಲ್ಲ. ಆಫ್ಘಾನಿಸ್ತಾನದ 2004ರ ಸಂವಿಧಾನದಲ್ಲಿ ಹಳ್ಳಿ ಮಟ್ಟ, ಜಿಲ್ಲೆ ಮಟ್ಟದ ಪರಿಷತ್ತಿಗೆ ಚುನಾವಣೆ ಅಂತ ಬರೆದಿತ್ತು. ಕಾಬೂಲ್ ಬೀಳೋವರೆಗೂ ಒಮ್ಮೆಯೂ ಮಾಡಲಿಲ್ಲ. 34 ಪ್ರಾಂತ್ಯದ ಗವರ್ನರ್‌ಗಳನ್ನೂ ಅಧ್ಯಕ್ಷರೇ ನೇಮಿಸುತ್ತಿದ್ದರು. ಅಂದರೆ ಟ್ಯಾಂಕಿನಲ್ಲಿ ನೀರಿಲ್ಲ ಅಂತ ಸಹಿ ತಡೆಯೋ ಹೆಂಗಸು ಅಲ್ಲಿ ಇರೋಕೆ ಜಾಗವೇ ಇರಲಿಲ್ಲ. ಹೇರಿದ್ದು ಜಾಸ್ತಿ ಆಯ್ತು ಅಂತೀರಿ, ನನಗನ್ನಿಸೋದು ಸರಿಯಾಗಿ ಹೇರಲೇ ಇಲ್ಲ ಅಂತ.

ಕೊನೇ ಭಾಗದ ರೈತ

ಅಕ್ಕಾ, ಸಹಿ ವಿಷಯ ಒಪ್ಪಿದೆ. ನಮ್ಮ ಸಂಘದ ಸಹಿಗೆ ತೂಬು ತೆರೆಯೋ ಅಧಿಕಾರ ಇದ್ದಿದ್ದರೆ ನಮ್ಮಪ್ಪನೂ ರಾತ್ರಿ ಎದ್ದು ಹೋಗುತ್ತಿದ್ದರೇನೋ. ಆದರೆ ಒಂದು ಮಾತು, ನಿಮಗೆ ಮೀಸಲಾತಿ ಕೊಟ್ಟದ್ದು ನಮ್ಮದೇ ಸರ್ಕಾರ. ಬೇಡ ಅಂದರೆ ಓಟು ಹಾಕಿ ಇಳಿಸಬಹುದಾಗಿದ್ದ ಸರ್ಕಾರ. ಬ್ರೆಮರ್ ಸಾಹೇಬನನ್ನು ಇರಾಕಿನವರು ಓಟು ಹಾಕಿ ಇಳಿಸೋಕೆ ಆಗ್ತಿತ್ತಾ?

ಹಳೇಪೇಟೆ ಹುಡುಗ

ಇದನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಟ್ಯಾಂಕಿನ ಕತೆ ಕೇಳಿ ನಕ್ಕರು, ಆದರೆ ಬಿಡೋ ಆಸಾಮಿ ಅಲ್ಲ. ಎರಡು ಪ್ರಶ್ನೆ ಕಳಿಸಿದ್ದಾರೆ. ಒಂದು, ನಮಗೂ ಬ್ರಿಟಿಷರೇ ಕೊಟ್ಟದ್ದಲ್ವಾ? ಎರಡು, ಜಪಾನಿನದ್ದು ಹೇರಿದ್ದು ಅಂತಾದರೆ ಅಮೆರಿಕದವರು 1952ರಲ್ಲಿ ಹೋದ ಮೇಲೆ ಅವರು ಅದನ್ನು ಯಾಕೆ ಕಿತ್ತು ಎಸೆಯಲಿಲ್ಲ? ಮೇಷ್ಟ್ರೇ, ಇದು ನಿಮಗೆ.

ದುರ್ಗದ ಮೇಷ್ಟ್ರು

ಮೊದಲನೆಯದಕ್ಕೆ ಬೇಗ ಹೇಳುತ್ತೇನೆ. ಬ್ರಿಟಿಷರು ಸಭೆ, ಕೌನ್ಸಿಲ್ ಕೊಟ್ಟರು ನಿಜ, ಎಲ್ಲರಿಗೂ ಓಟು ಕೊಡಲಿಲ್ಲ. 1937ರ ಚುನಾವಣೆಯಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಮತದಾರರು ಸುಮಾರು 3 ಕೋಟಿ. ನಮ್ಮದೇ ಸಂವಿಧಾನ ಬಂದ ಮೇಲೆ 1951-52ರಲ್ಲಿ 17 ಕೋಟಿಗೂ ಜಾಸ್ತಿ. ಆ ವ್ಯತ್ಯಾಸ ಲಂಡನ್ನಿನಿಂದ ಬಂದದ್ದಲ್ಲ.

ಇನ್ನು ನಮ್ಮ ದುರ್ಗ, ದಾವಣಗೆರೆ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. 1881ರಲ್ಲೇ ರಂಗಾಚಾರ್ಲು ದಿವಾನರಾಗಿದ್ದಾಗ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ 144 ಜನ ಬಂದಿದ್ದರು. ಬಂದವರು ಅಹವಾಲು ಹೇಳಬಹುದಿತ್ತು, ಸರ್ಕಾರ ಬದಲಿಸುವ ಹಾಗಿರಲಿಲ್ಲ. ಆ ಅಧಿಕಾರ ಬೇಕು ಅಂತ ಜನರೇ ಬೀದಿಗೆ ಬರಬೇಕಾಯಿತು. ನಮ್ಮ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು, ನಿಜಲಿಂಗಪ್ಪನವರು ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮೇಲೂ ಇಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಆದ ಮೇಲೆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ ಆದರು. ರೈತರು ಹೇಳಿದ ತಳಗೊಬ್ಬರ ನಮ್ಮಲ್ಲಿ ಇದು ಅನ್ನಬಹುದು. ಅಷ್ಟಾದರೂ ಅಂಬೇಡ್ಕರ್ ಸಾಲದು ಅಂದರು ನೋಡಿ.

ಎರಡನೆಯದು ಒಳ್ಳೆ ಪ್ರಶ್ನೆ. ಮಾವನಿಗೆ ಹೇಳಿ, ಕಿತ್ತು ಎಸೆಯಬೇಕು ಅನ್ನುವವರು ಅಲ್ಲೂ ಇದ್ದರು, ಈಗಲೂ ಇದ್ದಾರೆ. ತಿದ್ದಬೇಕಾದರೆ ಎರಡೂ ಸದನದಲ್ಲಿ ಮೂರರಲ್ಲಿ ಎರಡು ಪಾಲು ಬೆಂಬಲ, ಆಮೇಲೆ ಜನಮತ. ಹಾಗಾಗಿ 1947ರ ಮೇ 3ರಂದು ಜಾರಿಗೆ ಬಂದದ್ದರಲ್ಲಿ ಇವತ್ತಿನವರೆಗೂ ಒಂದು ಅಕ್ಷರ ಬದಲಾಗಿಲ್ಲ. ಆದರೆ ಕಷ್ಟದ ನಿಯಮ ಒಂದೇ ಕಾರಣ ಅಂತ ನನಗನ್ನಿಸಲ್ಲ.

1960ರಲ್ಲಿ ಕಿಶಿ ಅನ್ನುವವರು ಪ್ರಧಾನಿ. ಯುದ್ಧದ ಕಾಲದ ಮಂತ್ರಿ, ಸೋತ ಮೇಲೆ ಅಮೆರಿಕದವರೇ ಜೈಲಿಗೆ ಹಾಕಿ, ವಿಚಾರಣೆ ಇಲ್ಲದೆ ಬಿಟ್ಟವರು. ಅಮೆರಿಕದ ಜೊತೆ ರಕ್ಷಣಾ ಒಪ್ಪಂದವನ್ನು ಹೊಸದಾಗಿ ಮಾಡಿಕೊಳ್ಳಬೇಕಿತ್ತು. ಮೇ ತಿಂಗಳ ಒಂದು ರಾತ್ರಿ, ಅಡ್ಡ ಕೂತಿದ್ದ ವಿರೋಧ ಪಕ್ಷದ ಸದಸ್ಯರನ್ನು ಪೊಲೀಸರಿಂದ ಎತ್ತಿಸಿ ಹೊರಗೆ ಹಾಕಿ, ಮಧ್ಯರಾತ್ರಿ ಒಪ್ಪಂದಕ್ಕೆ ಒಪ್ಪಿಗೆ ಹಾಕಿಸಿದರು. ಅಲ್ಲಿಯವರೆಗೆ ಒಪ್ಪಂದದ ಬಗ್ಗೆ ಇದ್ದ ಸಿಟ್ಟು ಅವತ್ತಿನಿಂದ ಸಂಸತ್ತಿಗೆ ಹೀಗೆ ಮಾಡಿದರಲ್ಲ ಅನ್ನುವ ಸಿಟ್ಟಾಯಿತು. ವಿದ್ಯಾರ್ಥಿಗಳು, ಕಾರ್ಮಿಕರು, ಮನೆ ಹೆಂಗಸರು, ಲಕ್ಷಗಟ್ಟಲೆ ಜನ ಸಂಸತ್ತಿನ ಸುತ್ತ ಸೇರಿದರು. ಗಲಾಟೆಯಲ್ಲಿ ಒಬ್ಬ ವಿದ್ಯಾರ್ಥಿನಿ ಸತ್ತಳು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಟೋಕಿಯೋಗೆ ಬರುವುದಿತ್ತು, ಆ ಭೇಟಿ ರದ್ದಾಯಿತು. ಒಪ್ಪಂದ ಉಳಿಯಿತು, ಕಿಶಿ ರಾಜೀನಾಮೆ ಕೊಟ್ಟರು.

ಅಮೆರಿಕದವರು ಬರೆದುಕೊಟ್ಟ ಸಂವಿಧಾನ ಕಾಪಾಡಿ ಅಂತ ಜನ ಅಮೆರಿಕದ ಅಧ್ಯಕ್ಷನನ್ನೇ ತಮ್ಮ ಊರಿಗೆ ಬರದ ಹಾಗೆ ಮಾಡಿದರು. ಮಾವ ಏನಂತಾರೆ ಕೇಳಿ ಬರೆಯಿರಿ.

ಹಳೇಪೇಟೆ ಹುಡುಗ

ಕೇಳಿದೆ. "ಹೂಂ" ಅಂದರು. ಆಮೇಲೆ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದರು, ಈ ಸಲ ದುಡ್ಡು ಅವರೇ ಕೊಟ್ಟರು.